ಮಾತಿಗೆ ಎಲ್ಲಿಯವರೆಗೆ ಸ್ವಾತಂತ್ರ್ಯ? ಕಲಬುರಗಿ ಭಾಗದ ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಯಾರೋ ಒಬ್ಬರು ಸ್ಟೇಟಸ್ ಇಡುತ್ತಾರೆ. ಇನ್ನೊಬ್ಬರು ಸ್ಕ್ರೀನ್‌ಶಾಟ್ ಹೊಡೆದು ನಾಲ್ಕು ಗ್ರೂಪಿಗೆ ಹಾಕುತ್ತಾರೆ. ಸಂಜೆಗೆ ಠಾಣೆ ಮುಂದೆ ಮಂದಿ ಸೇರುತ್ತಾರೆ. ಒಂದು ಕಡೆಯವರು "ನಮಗೆ ಮಾತಾಡೋ ಹಕ್ಕಿದೆ" ಅನ್ನುತ್ತಾರೆ. ಇನ್ನೊಂದು ಕಡೆಯವರು "ನಮ್ಮ ಮನಸ್ಸಿಗೆ ನೋವಾಗಿದೆ, ಅವನನ್ನ ಒಳಗೆ ಹಾಕಿ" ಅನ್ನುತ್ತಾರೆ. ಎರಡೂ ಅರ್ಧ ಮಾತ್ರ ಸರಿ: ಮಾತಿಗೆ ಮಿತಿ ಇದೆ, ಆದರೆ ನೋವು ಬೇರೆ, ಹಾನಿ ಬೇರೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಈ ವಿಷಯ ಬಂದಾಗಲೆಲ್ಲ ಎದ್ದೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿ ಉತ್ತರ ಬರೆದಿದ್ದೇನೆ. ನಿಮ್ಮದೇ ಕೇಸು ನಡೆಯುತ್ತಿದ್ದರೆ ಇದನ್ನು ಓದಿ ಸುಮ್ನಿರಬೇಡಿ, ವಕೀಲರನ್ನು ಕಾಣಿ.

ಸಂವಿಧಾನವೇ ಹಕ್ಕು ಕೊಟ್ಟಿದೆಯಲ್ಲ, ಏನು ಬೇಕಾದರೂ ಮಾತಾಡಬಹುದಲ್ವಾ?

ಇಲ್ಲ. ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. ಅದರ ಬೆನ್ನಿಗೇ ಇರುವ 19(2) ಅದಕ್ಕೆ ಮಿತಿ ಹಾಕುತ್ತದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ಬೇರೆ ದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಶಾಂತಿ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಇಷ್ಟೇ ಕಾರಣಗಳು. ಇವುಗಳ ಹೆಸರಲ್ಲೂ ಹಾಕುವ ಮಿತಿ "ಸಮಂಜಸ" ಆಗಿರಬೇಕು. ಈ ಷರತ್ತು 1951ರ ಮೊದಲನೇ ತಿದ್ದುಪಡಿಯಲ್ಲಿ ಸೇರಿತು.

ಈ ಪಟ್ಟಿಯಲ್ಲಿ ಏನಿಲ್ಲ ಅನ್ನುವುದನ್ನೂ ನೋಡಿ. "ನನಗೆ ಇಷ್ಟವಾಗಲಿಲ್ಲ" ಅನ್ನುವುದು ಇಲ್ಲ. "ಸಾಹೇಬರಿಗೆ ಸಿಟ್ಟು ಬಂತು" ಅನ್ನುವುದೂ ಇಲ್ಲ. ಪಟ್ಟಿಗೆ ಹೊಸ ಕಾರಣ ಸೇರಿಸಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ನೋವು ಬೇರೆ, ಹಾನಿ ಬೇರೆ ಅಂತೀರಿ. ಗೆರೆ ಎಲ್ಲಿದೆ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. 1859ರಲ್ಲೇ ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ ಇದಕ್ಕೊಂದು ಉದಾಹರಣೆ ಕೊಟ್ಟಿದ್ದರು. ಕಾಳಿನ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಬರೆದರೆ ಯಾರೂ ತಡೆಯಬಾರದು. ಅದೇ ಮಾತನ್ನು ಒಬ್ಬ ವ್ಯಾಪಾರಿಯ ಮನೆ ಮುಂದೆ ಸಿಟ್ಟಿಗೆದ್ದು ನಿಂತ ಗುಂಪಿಗೆ ಹೇಳಿದರೆ ಶಿಕ್ಷೆ ಆಗಬಹುದು ಅಂದರು.

ಇದನ್ನು ನಮ್ಮ ಕಲಬುರಗಿಯ ನೆಹರೂ ಗಂಜಿಗೆ ತಂದು ನೋಡಿ. ತೊಗರಿ ಸುಗ್ಗಿ. ರೇಟು ಬಿದ್ದಿದೆ. "ಅಡತಿಯವರು ಸೇರಿಕೊಂಡು ರೈತನ ಕುತ್ತಿಗೆ ಕೊಯ್ತಿದ್ದಾರೆ" ಎಂದು ನೀವು ಮೈಕ್ ಹಿಡಿದು ಹೇಳಬಹುದು, ಬರೆಯಬಹುದು, ಕಲೆಕ್ಟರ್ ಆಫೀಸಿನ ಮುಂದೆ ಧರಣಿ ಕೂರಬಹುದು. ಅಡತಿಯವರಿಗೆ ಬೇಜಾರಾಗುತ್ತದೆ. ಆಗಲಿ, ಅದು ಹಾನಿಯಲ್ಲ. ಆದರೆ ಕೈಯಲ್ಲಿ ಕಲ್ಲು ಹಿಡಿದ ಗುಂಪೊಂದು ಒಬ್ಬನ ಅಂಗಡಿ ಶಟರ್ ಮುಂದೆ ನಿಂತಿದೆ, ಒಳಗೆ ಅವನ ಕೆಲಸದ ಹುಡುಗರಿದ್ದಾರೆ. ಆಗ "ಇವನೇ ನೋಡ್ರಪ್ಪಾ, ಬಿಡಬ್ಯಾಡ್ರಿ" ಅಂದರೆ ಕಥೆಯೇ ಬೇರೆ. ಆ ಮಾತಿಗೂ ಕಲ್ಲು ಬೀಳುವುದಕ್ಕೂ ನಡುವೆ ಯಾರೂ ಯೋಚಿಸುವಷ್ಟು ಹೊತ್ತು ಉಳಿದಿಲ್ಲ.

2015ರ ಮಾರ್ಚ್‌ನಲ್ಲಿ ಬೇಜಾರು ತರುವ ಆನ್‌ಲೈನ್ ಮಾತಿಗೂ ಜೈಲಿಗೆ ಹಾಕುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ರದ್ದು ಮಾಡುವಾಗ ಸುಪ್ರೀಂ ಕೋರ್ಟ್ ಹಿಡಿದದ್ದೂ ಇದೇ ದಾರಿ. ಚರ್ಚೆ ಒಂದು, ಒಂದು ನಿಲುವಿನ ಪರ ಜೋರಾಗಿ ವಾದಿಸುವುದು ಇನ್ನೊಂದು, ಪ್ರಚೋದನೆ ಮತ್ತೊಂದು. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ ತಡೆಯುವಂತಿಲ್ಲ. ಮೂರನೆಯದಕ್ಕೆ ಬಂದಾಗ ಮಾತ್ರ ಕಾನೂನು ಕೈ ಹಾಕಬಹುದು. ನನ್ನ ಮಟ್ಟಿಗೆ ಒಂದು ಮಾತನ್ನು ತೂಗುವಾಗ ನಾಲ್ಕು ವಿಷಯ ನೋಡಬೇಕು: ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವ ಹೊತ್ತಲ್ಲಿ ಹೇಳಿದರು, ಪೆಟ್ಟು ಬಿದ್ದರೆ ಯಾರ ಮೈಮೇಲೆ ಬೀಳುತ್ತದೆ. ಸಾವಿರ ಮಂದಿ ಕೇಳುವ ಲೀಡರ್ ಮಾತು ಮತ್ತು ಕಟ್ಟೆ ಮೇಲೆ ಕೂತು ಬೈದುಕೊಳ್ಳುವ ಮುದುಕನ ಮಾತು ಒಂದೇ ತೂಕದ್ದಲ್ಲ.

ನಾನು ಬರೆದಿಲ್ಲ, ಬಂದಿದ್ದನ್ನು ಫಾರ್ವರ್ಡ್ ಮಾಡಿದೆ ಅಷ್ಟೆ. ಅದರಲ್ಲಿ ನನ್ನದೇನು ತಪ್ಪು?

ಬೀದರ್ ಜಿಲ್ಲೆಯವರು ಈ ಪ್ರಶ್ನೆ ಕೇಳಿದಾಗ ನನಗೆ ಅಲ್ಲಿನ ಮುರ್ಕಿ ಅನ್ನುವ ಊರೇ ಕಣ್ಣ ಮುಂದೆ ಬರುತ್ತದೆ. 2018ರ ಜುಲೈ 13, ಶುಕ್ರವಾರ. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಗೆಳೆಯರ ಗುಂಪು ಹಂದಿಕೇರಾ ಹತ್ತಿರ ನಿಂತಿತ್ತು. ಅವರಲ್ಲಿ ಒಬ್ಬರು ಕತಾರ್ ದೇಶದವರು. ಅಲ್ಲಿದ್ದ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ಮೆಸೇಜುಗಳು ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದ್ದವು. ಚಾಕಲೇಟ್ ಕೊಟ್ಟದ್ದೇ ಸಂಶಯಕ್ಕೆ ಸಾಕಾಯಿತು. ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮುಂಚೆ ವಾಟ್ಸಾಪ್ ಮುರ್ಕಿ ತಲುಪಿತು. ಅಲ್ಲಿ ರಸ್ತೆ ತಡೆದರು. ಕಾರು ಉರುಳಿತು. ಗುಂಪು ಕಲ್ಲು, ಬಡಿಗೆ ಹಿಡಿದು ಮುಗಿಬಿತ್ತು. ಬಿಡಿಸಲು ಬಂದ ಪೊಲೀಸರಿಗೂ ಗಾಯವಾಯಿತು. ಹೈದರಾಬಾದಿನ 32 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತುಹೋದರು.

ಆವತ್ತು ಮೆಸೇಜ್ ಕಳಿಸಿದವರಲ್ಲಿ ಹೆಚ್ಚಿನವರು ಕೊಲೆ ಮಾಡಬೇಕು ಅಂದುಕೊಂಡಿರಲಿಲ್ಲ. ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳಿಸಿದ್ದರು. ಆದರೂ ಒಬ್ಬ ಮನುಷ್ಯ ಮನೆಗೆ ಹೋಗಲಿಲ್ಲ. ಮೂವತ್ತರ ಆಸುಪಾಸು ಮಂದಿ ಜೈಲು ಕಂಡರು. ಅದೇ ವಾರದಲ್ಲಿ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡಲು ಆಗದಂತೆ ಮಾಡುವುದಾಗಿ ಹೇಳಿತು. ದೇಶದ ಬೇರೆ ಬೇರೆ ಕಡೆ ಇಂಥ ಕೊಲೆಗಳಾಗಿದ್ದವು, ಮುರ್ಕಿ ಅವುಗಳಲ್ಲಿ ಒಂದು.

ಕಾನೂನಿನ ಮಾತಿಗೆ ಬಂದರೆ, ಐಪಿಸಿ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಬರೆದವರನ್ನು ಮಾತ್ರ ಹಿಡಿಯುವುದಿಲ್ಲ. ಭಯ ಹುಟ್ಟಿಸುವ, ಒಂದು ಸಮುದಾಯವನ್ನು ಇನ್ನೊಂದರ ಮೇಲೆ ಎತ್ತಿಕಟ್ಟುವ ಸುಳ್ಳು ಸುದ್ದಿಯನ್ನು ಹರಡುವವರನ್ನೂ ಹಿಡಿಯುತ್ತದೆ. ಮೂರು ವರ್ಷದವರೆಗೆ ಶಿಕ್ಷೆ ಇದೆ. ನಿಜ ಅಂತ ನಂಬಲು ಸರಿಯಾದ ಕಾರಣ ಇದ್ದು, ಕೆಟ್ಟ ಉದ್ದೇಶ ಇಲ್ಲದಿದ್ದರೆ ರಕ್ಷಣೆ ಇದೆ. "ಎಲ್ಲರೂ ಕಳಿಸ್ತಿದ್ದರು" ಅನ್ನುವುದು ಆ ಸರಿಯಾದ ಕಾರಣ ಆಗುವುದಿಲ್ಲ.

ನಿಮ್ಮ ಊರಿಗೆ ಯಾರೋ ಅಪರಿಚಿತರು ಬಂದಿದ್ದಾರೆ, ನಿಜವಾಗಲೂ ಹೆದರಿಕೆ ಆಗಿದೆ ಅಂದ್ರೆ 112ಕ್ಕೆ ಫೋನ್ ಮಾಡಿ. ಮಗುವಿನ ವಿಷಯ ಆದರೆ 1098. ಗ್ರೂಪಿಗೆ ಫೋಟೊ ಹಾಕಬೇಡಿ.

ನಾನು ಗ್ರೂಪ್ ಅಡ್ಮಿನ್. ಯಾರೋ ಏನೋ ಹಾಕಿದರೆ ನನ್ನ ಮೇಲೆ ಕೇಸಾಗುತ್ತಾ?

ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ತಾನಾಗಿಯೇ ಹೊಣೆ ಆಗುವುದಿಲ್ಲ. ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೀಗೆಯೇ ಹೇಳಿವೆ. ಆದರೆ ನೀವೂ ಅದರಲ್ಲಿ ಕೈಜೋಡಿಸಿದರೆ, "ಎಲ್ಲರೂ ಶೇರ್ ಮಾಡಿ" ಅಂದರೆ, ಆಗ ನೀವು ಅಡ್ಮಿನ್ ಅನ್ನುವ ಕಾರಣಕ್ಕಲ್ಲ, ನಿಮ್ಮ ಸ್ವಂತ ಮಾತಿಗೇ ಸಿಕ್ಕಿಬೀಳುತ್ತೀರಿ. ಗಲಾಟೆ ಇರುವ ದಿನ "ಅಡ್ಮಿನ್ ಮಾತ್ರ" ಸೆಟ್ಟಿಂಗ್ ಹಾಕಿಬಿಡಿ. ಒಂದೇ ನಿಮಿಷದ ಕೆಲಸ.

ಪಿಡಿಒ, ಶಾಸಕರು, ಸರ್ಕಾರದ ವಿರುದ್ಧ ಬರೆದರೆ ದೇಶದ್ರೋಹ ಅಂತಾರಲ್ಲ?

ಅನ್ನುತ್ತಾರೆ. ಬೀದರಿನಲ್ಲೇ ಅಂದಿದ್ದರು. 2020ರ ಜನವರಿಯಲ್ಲಿ ಅಲ್ಲಿನ ಒಂದು ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ ಬಗ್ಗೆ ನಾಟಕ ಆಡಿದರು. ಅದರಲ್ಲಿ ಪ್ರಧಾನಿ ವಿರುದ್ಧ ಮಾತುಗಳಿದ್ದವು. ದೇಶದ್ರೋಹದ ಕೇಸಾಯಿತು. ಮುಖ್ಯ ಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲಿಗೆ ಹೋದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ವಿಚಾರಣೆ ಮಾಡಿದರು. ಕೊನೆಗೆ 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಶಾಲೆಯ ಆಡಳಿತ ಮಂಡಳಿ ಮೇಲಿದ್ದ ಆ ಕೇಸನ್ನು ರದ್ದು ಮಾಡಿತು. ಪ್ರಧಾನಿ ಬಗ್ಗೆ ಆಡಿದ ಮಾತು ಬೇಜವಾಬ್ದಾರಿಯದ್ದು, ಆದರೆ ದೇಶದ್ರೋಹ ಅಲ್ಲ ಅಂದಿತು.

ಮೂರು ವರ್ಷಕ್ಕೂ ಹೆಚ್ಚು ಕಾಲ. ಕೇಸು ಬಿದ್ದು ಹೋಯಿತು ನಿಜ. ಆದರೆ ಅಮ್ಮ ಜೈಲಿನಲ್ಲಿದ್ದಾಗ ಆ ಹುಡುಗಿ ಕಳೆದ ದಿನಗಳನ್ನು ಯಾವ ಆದೇಶ ವಾಪಸ್ ಕೊಡುತ್ತದೆ? ಮಿತಿಯ ಬಗ್ಗೆ ಮಾತಾಡುವಾಗ ಇದನ್ನೂ ಹಾನಿಯ ಲೆಕ್ಕಕ್ಕೆ ಹಿಡಿಯಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಮಾತು ಹಾನಿ ಮಾಡುವ ಹಾಗೆ ಮಾತಿನ ಮೇಲಿನ ಕೇಸೂ ಹಾನಿ ಮಾಡುತ್ತದೆ.

ಪಿಡಿಒ ವಿಷಯ ಇನ್ನೂ ಸರಳ. ಸರ್ಕಾರಿ ನೌಕರರ ಕೆಲಸದ ಬಗ್ಗೆ ಪ್ರಾಮಾಣಿಕವಾಗಿ ಅಭಿಪ್ರಾಯ ಹೇಳುವುದು ಮಾನಹಾನಿ ಅಲ್ಲ. ಅವರ ಮೇಲಧಿಕಾರಿಗೆ, ಲೋಕಾಯುಕ್ತಕ್ಕೆ ಸದುದ್ದೇಶದಿಂದ ದೂರು ಕೊಡುವುದೂ ಅಲ್ಲ. ಇವೆರಡೂ ಕಾನೂನಿನಲ್ಲೇ ಇರುವ ವಿನಾಯಿತಿಗಳು. "ನರೇಗಾ ಬಿಲ್ ಎತ್ತಿದ್ದಾರೆ, ಚರಂಡಿ ಕಾಣ್ತಿಲ್ಲ" ಎಂದು ಚರಂಡಿ ಇರಬೇಕಾದ ಜಾಗದ ಫೋಟೊ ಸಮೇತ ಹಾಕಿ. ಅವರ ಹೆಂಡತಿ ಮಕ್ಕಳ ಸುದ್ದಿಗೆ ಹೋಗಬೇಡಿ, ಜಾತಿಗೆ ಹೋಗಬೇಡಿ.

ಖರೇ ಹೇಳಿದರೂ ಮಾನಹಾನಿ ಆಗುತ್ತಾ?

ಕ್ರಿಮಿನಲ್ ಕೇಸಿನಲ್ಲಿ ಖರೇ ಆಗಿದ್ದರಷ್ಟೇ ಸಾಲದು, ಅದನ್ನು ಹೇಳುವುದರಿಂದ ಸಾರ್ವಜನಿಕರಿಗೆ ಒಳ್ಳೆಯದಾಗಬೇಕು. ನ್ಯಾಯ ಸಂಹಿತೆಯ 356ನೇ ಕಲಂ ಇದು, ಎರಡು ವರ್ಷದವರೆಗೆ ಶಿಕ್ಷೆ. ಇದಕ್ಕೆ ಸಾಮಾನ್ಯವಾಗಿ ಪೊಲೀಸ್ ಎಫ್‌ಐಆರ್ ಆಗುವುದಿಲ್ಲ. ನೊಂದವರೇ ಕೋರ್ಟಿಗೆ ಖಾಸಗಿ ದೂರು ಕೊಡಬೇಕು. ಪರಿಹಾರದ ಹಣಕ್ಕಾಗಿ ಸಿವಿಲ್ ದಾವೆ ಹಾಕುವುದಾದರೆ ಒಂದು ವರ್ಷದೊಳಗೆ ಹಾಕಬೇಕು.

ಸಿಟ್ಟಿನಲ್ಲಿ ಜಾತಿ ಹೆಸರು ಹಿಡಿದು ಬಂದುಬಿಡುತ್ತೆ. ಅಷ್ಟಕ್ಕೇ ಅಟ್ರಾಸಿಟಿ ಕೇಸಾ?

"ಅಷ್ಟಕ್ಕೇ" ಅನ್ನುವ ಪದ ಯಾರ ಬಾಯಿಂದ ಬರುತ್ತಿದೆ ನೋಡಿ. ಬೈದವರಿಗೆ ಅದು ಒಂದು ಕ್ಷಣದ ಸಿಟ್ಟು. ಬೈಸಿಕೊಂಡವರಿಗೆ ಅಜ್ಜನ ಕಾಲದಿಂದ ಬಂದ ಅವಮಾನ. ಊರ ಹೋಟೆಲಿನಲ್ಲಿ ಹತ್ತು ಮಂದಿ ಎದುರು ಆ ಹೆಸರು ಕೇಳಿಸಿಕೊಂಡ ಹುಡುಗ ಮರುದಿನ ಆ ಹೋಟೆಲಿಗೆ ಹೋಗುವುದಿಲ್ಲ. ಅವನ ತಮ್ಮನೂ ಹೋಗುವುದಿಲ್ಲ. ನಿಧಾನಕ್ಕೆ ಆ ಓಣಿಯೇ ಆ ರಸ್ತೆ ಬಿಡುತ್ತದೆ. ಒಂದು ಬೈಗುಳದಿಂದ ಬದುಕುವ ಜಾಗವೇ ಕಿರಿದಾಗುವುದು ಹೀಗೆ. ಇದು ಬರೀ ಬೇಜಾರಲ್ಲ, ಹಾನಿ.

1989ರ ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್) ಮತ್ತು (ಎಸ್) ಇದಕ್ಕೇ ಇವೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಬೇಕಂತಲೇ ಅವಮಾನ ಮಾಡಿದರೆ, ಜಾತಿ ಹೆಸರಲ್ಲಿ ಬೈದರೆ ಆರು ತಿಂಗಳಿಂದ ಐದು ವರ್ಷ ಶಿಕ್ಷೆ. ನಾಲ್ಕು ಗೋಡೆಯ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಈ ಕಲಂಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮನೆಯ ಗೇಟು, ಅಂಗಳ, ನಾಲ್ಕು ಮಂದಿಗೆ ಕಾಣುವ ಜಾಗವಾದರೆ ಬರುತ್ತದೆ. ಎಫ್‌ಐಆರ್ ಮಾಡಲು ಮೊದಲೇ ವಿಚಾರಣೆ ಆಗಬೇಕು ಅಂತ ಠಾಣೆಯವರು ಹೇಳುವಂತಿಲ್ಲ.

ಧರ್ಮದ ಬಗ್ಗೆ ಪ್ರಶ್ನೆ ಕೇಳಬಾರದಾ? ಕೇಳಿದರೆ ಸಾಕು ಭಾವನೆಗೆ ಧಕ್ಕೆ ಅಂತಾರೆ.

ಕೇಳಬಹುದು. ಬಸವಕಲ್ಯಾಣದ ನೆಲದಲ್ಲಿ ನಿಂತು ಕೇಳಬಾರದು ಅಂದರೆ ಹೇಗೆ? ಹನ್ನೆರಡನೇ ಶತಮಾನದಲ್ಲಿ ಶರಣರು ಜಾತಿಯನ್ನೂ ಗುಡಿಯನ್ನೂ ಯಜ್ಞವನ್ನೂ ಪ್ರಶ್ನೆ ಮಾಡಿದ್ದು ಅಲ್ಲೇ. ಆಗಲೂ ಎಷ್ಟೋ ಮಂದಿಗೆ ನೋವಾಗಿತ್ತು.

ಕಾನೂನಿನಲ್ಲೂ ಇದಕ್ಕೆ ಜಾಗ ಇದೆ. ನ್ಯಾಯ ಸಂಹಿತೆಯ 299ನೇ ಕಲಂ ಅನ್ವಯಿಸಬೇಕಾದರೆ ಧರ್ಮವನ್ನು ಅವಮಾನಿಸುವ ಕೆಲಸ ಬೇಕಂತಲೇ, ದುರುದ್ದೇಶದಿಂದ ಆಗಿರಬೇಕು. 196ನೇ ಕಲಂ ಅನ್ವಯಿಸಬೇಕಾದರೆ ಸಮುದಾಯಗಳ ನಡುವೆ ದ್ವೇಷ ಬಿತ್ತುವ ಕೆಲಸ ಆಗಿರಬೇಕು. ಒಂದು ನಂಬಿಕೆಯನ್ನು ಪ್ರಶ್ನೆ ಮಾಡುವುದಕ್ಕೂ, ಆ ನಂಬಿಕೆ ಇರುವ ಮಂದಿಯ ಅಂಗಡಿಗೆ ಹೋಗಬೇಡಿ, ಅವರಿಗೆ ಮನೆ ಬಾಡಿಗೆ ಕೊಡಬೇಡಿ ಅನ್ನುವುದಕ್ಕೂ ಬಹಳ ದೂರ ಇದೆ. ಮೊದಲನೆಯದು ವಿಚಾರದ ಮೇಲಿನ ಮಾತು, ಎರಡನೆಯದು ಮನುಷ್ಯರ ಹೊಟ್ಟೆ ಮೇಲೆ ಹೊಡೆಯುವ ಮಾತು.

1948ರ ರಜಾಕಾರರ ಬಗ್ಗೆ ಮಾತಾಡಿದರೆ ಒಬ್ಬರಿಗೆ ಸಿಟ್ಟು, ಮಾತಾಡದಿದ್ದರೆ ಇನ್ನೊಬ್ಬರಿಗೆ ಸಿಟ್ಟು. ಏನು ಮಾಡೋದು?

ಮಾತಾಡಬೇಕು, ಪೂರ್ತಿ ಮಾತಾಡಬೇಕು. ನಮ್ಮ ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮರ ಆಳ್ವಿಕೆ ಉಳಿಸಲು ಕಟ್ಟಿದ ಖಾಸಗಿ ಪಡೆ ರಜಾಕಾರರದು. ಅವರು ಹಳ್ಳಿ ಹಳ್ಳಿಗಳಲ್ಲಿ ಮಾಡಿದ ಲೂಟಿ, ಕೊಲೆ ನಿಜ. ಬೀದರ್ ಜಿಲ್ಲೆಯ ಗೋರಟಾದ ಹೆಸರು ಕೇಳದವರು ಇಲ್ಲಿ ಕಡಿಮೆ. ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ (ಹೆಸರು ಹಾಗಿದ್ದರೂ ಬಂದದ್ದು ಭಾರತದ ಸೇನೆ) ಆಗಿ ಸಂಸ್ಥಾನ ಭಾರತಕ್ಕೆ ಸೇರಿತು. ಆಮೇಲೆ ನಡೆದದ್ದೂ ನಿಜ. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಊರೂರು ತಿರುಗಿ ಬರೆದ ವರದಿ ಇದೆ. ಕಾರ್ಯಾಚರಣೆಯ ಹೊತ್ತಲ್ಲೂ ಅದರ ನಂತರವೂ 27,000ದಿಂದ 40,000 ಮಂದಿ ಸತ್ತಿರಬಹುದು ಎಂದು ಅದು ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್‌ಗಳನ್ನು ಹೆಸರಿಸಿತು. ಎರಡು ನಮ್ಮವೇ.

ಇನ್ನೊಂದು ಹೆಸರು ನೆನಪಿಡಬೇಕು, ಶೋಯೆಬುಲ್ಲಾ ಖಾನ್. ಹೈದರಾಬಾದಿನ 'ಇಮ್ರೋಜ್' ಉರ್ದು ಪತ್ರಿಕೆಯ ಸಂಪಾದಕರು. ರಜಾಕಾರರ ವಿರುದ್ಧ, ಭಾರತಕ್ಕೆ ಸೇರುವ ಪರವಾಗಿ ಬರೆದರು. 1948ರ ಆಗಸ್ಟ್‌ನಲ್ಲಿ ರಾತ್ರಿ ಮನೆಗೆ ಹೋಗುವಾಗ ಅವರನ್ನು ಕೊಂದರು. ಬರೆಯುವ ಕೈಯನ್ನೇ ಕಡಿದರು.

ಇದನ್ನೆಲ್ಲ ಹೇಳುವುದು ಇತಿಹಾಸ. ಇದರಲ್ಲಿ ಅರ್ಧ ಮಾತ್ರ ಹರಿದುಕೊಂಡು, ಇವತ್ತು ಪಕ್ಕದ ಓಣಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡವನ ಕಡೆ ಬೆರಳು ತೋರಿಸಿ "ಇವರ ಕಡೆಯವರೇ" ಅಂದರೆ ಅದು ಇತಿಹಾಸ ಅಲ್ಲ. 1948ರಲ್ಲಿ ಅವನು ಹುಟ್ಟಿರಲೂ ಇಲ್ಲ.

ಹುಡುಗ ಹುಡುಗಿ ಜೊತೆಗಿದ್ದ ಫೋಟೊ ಹಾಕಿದೆ. ಸಾರ್ವಜನಿಕ ಜಾಗದಲ್ಲಿ ತೆಗೆದದ್ದು, ಸುಳ್ಳೇನಲ್ಲ. ತಪ್ಪೇ?

ತಪ್ಪು. ಆ ಫೋಟೊ ಊರ ಗ್ರೂಪಿಗೆ ಬಿದ್ದ ದಿನವೇ ಆ ಹುಡುಗಿಯ ಕಾಲೇಜು ನಿಲ್ಲುತ್ತದೆ. ಬಸ್ ಪಾಸ್ ಕಿತ್ತುಕೊಳ್ಳುತ್ತಾರೆ, ಮೊಬೈಲ್ ಕಿತ್ತುಕೊಳ್ಳುತ್ತಾರೆ, ತಿಂಗಳೊಳಗೆ ಗಂಡು ಹುಡುಕುತ್ತಾರೆ. ಇಬ್ಬರದು ಬೇರೆ ಜಾತಿ, ಬೇರೆ ಧರ್ಮ ಆಗಿದ್ದರೆ ಜೀವಕ್ಕೇ ಕುತ್ತು. ಹಾಕಿದವನು ಅದನ್ನು ಎರಡೇ ದಿನದಲ್ಲಿ ಮರೆತಿರುತ್ತಾನೆ. ಬೆನ್ನು ಹತ್ತಿ ಫೋಟೊ ತೆಗೆಯುವುದು, ಮಾನಕ್ಕೆ ಕುಂದು ತರುವ ಮಾತು ಬರೆಯುವುದು, ಫೋಟೊ ತಿದ್ದಿ ಅಶ್ಲೀಲ ಮಾಡುವುದು, ಇವೆಲ್ಲ ಬೇರೆ ಬೇರೆ ಅಪರಾಧಗಳು. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಹಾಕಿದರೆ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು. "ನ್ಯಾಯ ಸಿಗಲಿ" ಅಂತ ಒಳ್ಳೆ ಮನಸ್ಸಿನಿಂದ ಸಂತ್ರಸ್ತೆಯ ಫೋಟೊ ಸ್ಟೇಟಸ್ ಇಡುವವರು ಇದನ್ನು ಗಮನಿಸಿ.

ಸಕ್ಕರೆ ಕಾಯಿಲೆ ಪೂರ್ತಿ ವಾಸಿ ಆಗುತ್ತೆ ಅನ್ನೋ ಔಷಧಿ ವಿಡಿಯೊ ಕಳಿಸೋದು?

ಬೇಡ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆ ವಿಡಿಯೊ ನೋಡಿ ಇನ್ಸುಲಿನ್ ಬಿಟ್ಟವರ ಮನೆಯವರನ್ನು ಕೇಳಿ ನೋಡಿ.

"ಕಾರ್ಯಕ್ರಮ ಮಾಡಿದರೆ ಗಲಾಟೆ ಆಗುತ್ತೆ" ಅಂತ ಯಾರಾದರೂ ಹೆದರಿಸಿದರೆ ಪೊಲೀಸರು ಕಾರ್ಯಕ್ರಮ ನಿಲ್ಲಿಸಬಹುದಾ?

ಹೆದರಿಕೆ ಹಾಕಿದ್ದು ಯಾರೋ, ಬಾಯಿ ಮುಚ್ಚಿಸಿಕೊಳ್ಳುವುದು ಇನ್ಯಾರೋ. ಇದು ನ್ಯಾಯ ಅಲ್ಲ. ಗಲಾಟೆ ಮಾಡುತ್ತೇವೆ ಅನ್ನುವ ಬೆದರಿಕೆಗೆ ಬಗ್ಗಿ ಮಾತನ್ನು ಅಡಗಿಸುವಂತಿಲ್ಲ, ಮಾತಾಡುವವರಿಗೆ ರಕ್ಷಣೆ ಕೊಡುವುದು ಸರ್ಕಾರದ ಕೆಲಸ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿ ಅವರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅವರ ಸಂಶೋಧನೆಯನ್ನು ಒಪ್ಪದವರು ಎದುರು ಪುಸ್ತಕ ಬರೆಯಬಹುದಿತ್ತು.

ನನ್ನ ಪೋಸ್ಟಿಗೆ ಠಾಣೆಗೆ ಕರೆದಿದ್ದಾರೆ. ಏನು ಮಾಡಲಿ?

ಹೋಗಿ, ವಕೀಲರ ಜೊತೆ ಹೋಗಿ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧ ಆದರೆ, ಡಿವೈಎಸ್‌ಪಿ ಒಪ್ಪಿಗೆ ಪಡೆದು 14 ದಿನದಲ್ಲಿ ಪ್ರಾಥಮಿಕ ವಿಚಾರಣೆ ಮಾಡಲು ಸಿಆರ್‌ಪಿಸಿ ಬದಲಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 173(3) ಅವಕಾಶ ಕೊಡುತ್ತದೆ. ಮಾತಿಗೆ, ಬರಹಕ್ಕೆ ಸಂಬಂಧಪಟ್ಟ ಇಂಥ ದೂರುಗಳಲ್ಲಿ ಈ ವಿಚಾರಣೆ ಮಾಡುವುದೇ ಸರಿ ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಂದು ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕ ಇರುವ ಮನುಷ್ಯನ ಕಣ್ಣಿಂದ ಅಳೆಯಬೇಕು, ಎಲ್ಲದಕ್ಕೂ ಬೆದರುವವರ ಕಣ್ಣಿಂದಲ್ಲ ಎಂದೂ ಹೇಳಿತು. ಈ ತೀರ್ಪಿನ ಬಗ್ಗೆ ನಿಮ್ಮ ವಕೀಲರನ್ನು ಕೇಳಿ. 196, 299ರಂಥ ಕಲಂಗಳಲ್ಲಿ ಸರ್ಕಾರದ ಮುಂಚಿನ ಅನುಮತಿ ಇಲ್ಲದೆ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳುವಂತಿಲ್ಲ ಅನ್ನುವುದನ್ನೂ ತಿಳಿದಿರಿ.

ನನಗೇ ಹಾನಿ ಆಗಿದೆ. ಎಲ್ಲಿಗೆ ಹೋಗಲಿ?

ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಹೆಸರು, ನಂಬರ್, ತಾರೀಖು, ಟೈಮ್ ಎಲ್ಲ ಕಾಣಬೇಕು. ಮೂಲ ಮೆಸೇಜ್ ಡಿಲೀಟ್ ಮಾಡಬೇಡಿ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, "ನಮ್ಮ ಹದ್ದಿಗೆ ಬರಲ್ಲ" ಅಂತ ವಾಪಸ್ ಕಳಿಸುವಂತಿಲ್ಲ. ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಜಿಲ್ಲಾ ಕೋರ್ಟಿನ ಆವರಣದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ತಿಳಿಯದೆ ಸುಳ್ಳು ಹಾಕಿಬಿಟ್ಟೆ. ಡಿಲೀಟ್ ಮಾಡಿದರೆ ಸಾಕಲ್ವಾ?

ಸಾಲದು. ನಿಮ್ಮ ಮೊಬೈಲಿನಿಂದ ಹೋಯಿತು, ಬೇರೆಯವರದ್ದರಿಂದ ಹೋಗಲಿಲ್ಲ. ಯಾವ ಯಾವ ಗ್ರೂಪಿಗೆ ಹಾಕಿದ್ದಿರೋ ಅಲ್ಲೆಲ್ಲ "ನಾನು ಹಾಕಿದ್ದು ಸುಳ್ಳು, ದಯವಿಟ್ಟು ಮುಂದೆ ಕಳಿಸಬೇಡಿ" ಎಂದು ನಿಮ್ಮ ಹೆಸರಲ್ಲೇ ಬರೆಯಿರಿ. ಯಾರ ಬಗ್ಗೆ ಹಾಕಿದ್ದಿರೋ ಅವರಿಗೆ ಫೋನ್ ಮಾಡಿ ಹೇಳಿ. ಅವರು ಇರುವ ಜಾಗಕ್ಕೆ ಮಂದಿ ಹೊರಟಿದ್ದಾರೆ ಅನ್ನಿಸಿದರೆ ಅದಕ್ಕಿಂತ ಮೊದಲು 112.